ಮಯಸ್ತೇನಿಯಾ ಇರುವವರಿಗೆ ವ್ಯಾಯಾಮ: ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು?



ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ಬಲಹೀನತೆಯ ರೋಗ ಇರುವವರ ಮನೆಗಳಲ್ಲಿ ಎರಡು ಬಗೆಯ ಮಾತುಗಳನ್ನು ನಾವು ಕೇಳುತ್ತಿರುತ್ತೇವೆ. ಒಂದು ಮನೆಯಲ್ಲಿ, "ಅವ್ವಾ, ನೀ ಏನೂ ಮಾಡಬ್ಯಾಡ, ಸುಮ್ನ ಮಲಕೊ" ಎಂದು ನೀರಿನ ಲೋಟವನ್ನೂ ಕೈಗೆ ತಂದುಕೊಡುತ್ತಾರೆ. ಇನ್ನೊಂದು ಮನೆಯಲ್ಲಿ, "ಕುಂತ್ರ ಮೈ ಜಡ್ಡು ಹಿಡೀತೈತಿ, ದಿನಾ ಒಂದ್ ತಾಸು ನಡದ್ರ ಎಲ್ಲಾ ಸರಿ ಆಗ್ತೈತಿ" ಎಂದು ಬೆಳಗಾಗುತ್ತಲೇ ಎಬ್ಬಿಸಿ ಹೊರಡಿಸುತ್ತಾರೆ. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ಆದರೆ ಮೊದಲನೆಯ ಮನೆಯಲ್ಲಿ ಆರು ತಿಂಗಳಾಗುವಷ್ಟರಲ್ಲಿ ರೋಗಿಯ ತೊಡೆ ಸಣ್ಣಗಾಗಿ, ತೂಕ ಏರಿ, ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ಎರಡನೆಯ ಮನೆಯಲ್ಲಿ ರೋಗಿ ದಾರಿಯಲ್ಲೇ ಕುಸಿದು ಬೀಳುವ ಅಪಾಯ ಇದೆ.

ಈ ರೋಗ ಇರುವವರು ವ್ಯಾಯಾಮ ಮಾಡಬಹುದು, ಮಾಡಬೇಕು ಕೂಡ. ಆದರೆ ಇದರ ನಿಯಮ ಬೇರೆಯವರ ವ್ಯಾಯಾಮದ ನಿಯಮದಂತಿಲ್ಲ. ಅದೇನೆಂದು ತಿಳಿಸುವುದಕ್ಕಾಗಿ ಈ ಲೇಖನ. ರೋಗಿಯೊಬ್ಬರೇ ಓದಿದರೆ ಸಾಲದು, ಮನೆಯಲ್ಲಿ ಜೊತೆಗಿರುವವರೂ ಓದಬೇಕು. ಓದಲು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ.

ಮೊದಲೇ ಒಂದು ಎಚ್ಚರಿಕೆ. ಸ್ನಾಯುಗಳು ಸೋಲುವ ರೋಗಗಳು ಹಲವಾರು ಇವೆ. ಹುಟ್ಟಿನಿಂದ ಬರುವ ಮಸ್ಕ್ಯುಲರ್ ಡಿಸ್ಟ್ರೊಫಿ ಬೇರೆ, ಸ್ನಾಯುಗಳ ಉರಿಯೂತ ಬೇರೆ, ಪಾರ್ಶ್ವವಾಯು ಬೇರೆ. ಒಂದರ ವ್ಯಾಯಾಮ ಇನ್ನೊಂದಕ್ಕೆ ಹೊಂದುವುದಿಲ್ಲ. ಈ ಹಾಳೆಯನ್ನು ಪಕ್ಕದ ಹಾಸಿಗೆಯವರಿಗೆ ಕೊಡುವ ಮುನ್ನ ಅವರ ರೋಗದ ಹೆಸರನ್ನು ಕೇಳಿಕೊಳ್ಳಿ.

ಈ ರೋಗದಲ್ಲಿ ಆಗುವುದೇನು?

ನಾವು ಕೈ ಎತ್ತಬೇಕೆಂದರೆ ಮಿದುಳಿನ ಅಪ್ಪಣೆ ನರದ ಮೂಲಕ ಸ್ನಾಯುವಿನವರೆಗೆ ಬರುತ್ತದೆ. ನರ ಮತ್ತು ಸ್ನಾಯು ಕೂಡುವ ಜಾಗದಲ್ಲಿ ಒಂದು ಸಣ್ಣ ಸಂದಿ ಇದೆ. ಅಲ್ಲಿ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ಮುಟ್ಟುತ್ತದೆ. ಆಗ ಸ್ನಾಯು ಕೆಲಸ ಮಾಡುತ್ತದೆ. ನರ ಕೂಗಿ ಕರೆಯುತ್ತದೆ, ಸ್ನಾಯು ತನ್ನ ಕಿವಿಗಳಿಂದ ಕೇಳಿಸಿಕೊಳ್ಳುತ್ತದೆ ಎಂದು ತಿಳಿಯಿರಿ.

ಮಯಸ್ತೇನಿಯಾದಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಈ ಕಿವಿಗಳ ಮೇಲೆ ದಾಳಿ ಮಾಡುತ್ತದೆ. ಕಿವಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ನರದ ಕೂಗು ಎಲ್ಲರಲ್ಲೂ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತ ಹೋಗುತ್ತದೆ. ಆರೋಗ್ಯವಂತರಿಗೆ ಬೇಕಾದಷ್ಟು ಕಿವಿಗಳಿರುವುದರಿಂದ ಅದು ಗೊತ್ತಾಗುವುದೇ ಇಲ್ಲ. ಇರುವ ಕಿವಿಗಳೇ ಕೆಲವಾದಾಗ ಸಣ್ಣ ಕೂಗು ಕೇಳಿಸದೆ ಸ್ನಾಯು ನಿಂತುಬಿಡುತ್ತದೆ. ಸ್ವಲ್ಪ ವಿಶ್ರಾಂತಿ ಕೊಟ್ಟರೆ ಕೂಗು ಮತ್ತೆ ದೊಡ್ಡದಾಗುತ್ತದೆ, ಕೈ ಮತ್ತೆ ಮೇಲೇಳುತ್ತದೆ.

ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಸೋಲುವುದು, ಊಟದ ಮೊದಲ ತುತ್ತು ಸಲೀಸಾಗಿ ಹೋಗಿ ಕೊನೆಯ ತುತ್ತು ಅಗಿಯಲಾಗದಿರುವುದು, ಮಾತು ಆರಂಭದಲ್ಲಿ ಸ್ಪಷ್ಟವಿದ್ದು ಆಮೇಲೆ ಮೂಗಿನಿಂದ ಬರುವುದು, ಎಲ್ಲವೂ ಇದೇ ಕಾರಣಕ್ಕೆ. ಇದು ಸೋಮಾರಿತನವಲ್ಲ, ನಾಟಕವೂ ಅಲ್ಲ. ಸೊಸೆ ಬೆಳಿಗ್ಗೆ ಹತ್ತು ರೊಟ್ಟಿ ಬಡಿದವಳು ರಾತ್ರಿ ಎರಡು ಬಡಿಯಲಾರೆ ಎಂದರೆ ಅತ್ತೆಯವರು ಈ ಮಾತನ್ನು ನೆನಪಿಡಬೇಕು.

ಪಿರಿಡೋಸ್ಟಿಗ್ಮಿನ್ ಗುಳಿಗೆ ನರದ ಕೂಗು ಬೇಗ ಅಳಿಸಿಹೋಗದಂತೆ ತಡೆದು ನಿಲ್ಲಿಸುತ್ತದೆ, ಕಿವಿಗಳನ್ನು ಹೆಚ್ಚಿಸುವುದಿಲ್ಲ. ಈ ಬಗೆಯ ಔಷಧದ ದಾರಿ ತೋರಿಸಿದವರು ಮೇರಿ ವಾಕರ್ ಎಂಬ ವೈದ್ಯೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಸೇಂಟ್ ಆಲ್ಫೇಜ್ ಆಸ್ಪತ್ರೆಯಲ್ಲಿ ಅವರು ಇದೇ ಜಾತಿಯ ಫೈಸೊಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟಾಗ ರೋಗಿಯ ಇಳಿದ ರೆಪ್ಪೆಗಳು ಮೇಲೆದ್ದವು. ಅದಕ್ಕೂ ಮುಂಚೆ ವಿಶ್ರಾಂತಿಯನ್ನು ಬಿಟ್ಟರೆ ಹೇಳಿಕೊಳ್ಳುವಂತಹ ಚಿಕಿತ್ಸೆ ಇರಲಿಲ್ಲ. "ಹಾಸಿಗೆ ಬಿಟ್ಟು ಏಳಬೇಡಿ" ಎಂಬ ಹಳೆಯ ಮಾತು ಬಹುಶಃ ಆ ಕಾಲದ್ದೇ. ಪ್ರೆಡ್ನಿಸೊಲೋನ್, ಅಜಥಯೊಪ್ರಿನ್ ಮುಂತಾದ ಔಷಧಗಳು ದಾಳಿಯನ್ನೇ ಕಡಿಮೆ ಮಾಡುತ್ತವೆ, ಆದರೆ ಅವುಗಳ ಗುಣ ಕಾಣಲು ವಾರಗಳು, ತಿಂಗಳುಗಳು ಬೇಕಾಗುತ್ತವೆ.

ಹಾಗಾದರೆ ವ್ಯಾಯಾಮ ಏಕೆ?

ವ್ಯಾಯಾಮದಿಂದ ಈ ರೋಗ ವಾಸಿಯಾಗುವುದಿಲ್ಲ. ನಡೆದು ನಡೆದು ಕಿವಿಗಳನ್ನು ಬೆಳೆಸಲಾಗುವುದಿಲ್ಲ. ಯಾರಾದರೂ ಹಾಗೆ ಹೇಳಿ ಹಣ ಕೇಳಿದರೆ ನಂಬಬೇಡಿ. ಆದರೆ ಕೂಗು ಕೇಳಿಸಿಕೊಂಡ ಸ್ನಾಯುವಾದರೂ ಗಟ್ಟಿಯಾಗಿರಬೇಡವೇ? ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಅದರ ಮೇಲೆ ಪ್ರೆಡ್ನಿಸೊಲೋನ್ ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ತೂಕ ಏರುತ್ತದೆ, ರಕ್ತದ ಸಕ್ಕರೆ ಹೆಚ್ಚಬಹುದು, ಮೂಳೆ ತೆಳುವಾಗುತ್ತದೆ, ತೊಡೆಯ ಸ್ನಾಯುಗಳು ಸೊರಗುತ್ತವೆ. ಇವೆಲ್ಲಕ್ಕೂ ಅಳತೆಯ ವ್ಯಾಯಾಮ ಒಳ್ಳೆಯದು. ರೋಗದ ಬಲಹೀನತೆಯ ಮೇಲೆ ಕುಳಿತುಕೊಂಡೇ ಬಂದ ಬಲಹೀನತೆ ಸೇರದಂತೆ ನೋಡಿಕೊಳ್ಳುವುದೇ ಇದರ ಉದ್ದೇಶ.

ಅಪಾಯವಿಲ್ಲವೇ ಎಂದು ಕೇಳುತ್ತೀರಿ. 2017ರಲ್ಲಿ ಸ್ವೀಡನ್ ದೇಶದ ತಜ್ಞರು ರೋಗ ಹತೋಟಿಯಲ್ಲಿದ್ದ ಒಂದು ಸಣ್ಣ ಗುಂಪಿಗೆ 12 ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿ ನೋಡಿದರು. ರೋಗ ಉಲ್ಬಣವಾಗಲಿಲ್ಲ, ಸ್ನಾಯುಗಳ ಶಕ್ತಿ ಸುಧಾರಿಸಿತು. 2021ರಲ್ಲಿ ಫ್ರಾನ್ಸ್‌ನವರು ಮನೆಯಲ್ಲೇ ಮೂರು ತಿಂಗಳು ವ್ಯಾಯಾಮ ಮಾಡಿಸಿದ ಅಧ್ಯಯನ ಪ್ರಕಟಿಸಿದರು. ಅಲ್ಲಿಯೂ ರೋಗ ಹೆಚ್ಚಾಗಲಿಲ್ಲ, ಆದರೆ ಒಟ್ಟಾರೆ ಜೀವನದ ಗುಣಮಟ್ಟದಲ್ಲಿ ದೊಡ್ಡ ಬದಲಾವಣೆಯೂ ಕಾಣಲಿಲ್ಲ. ಎರಡರಲ್ಲೂ ಇದ್ದವರು ಔಷಧದಿಂದ ಸ್ಥಿಮಿತಕ್ಕೆ ಬಂದವರು ಎಂಬುದನ್ನು ಮರೆಯಬಾರದು. ರೋಗ ಏರಿದ ಸಮಯದಲ್ಲಿ ಇದೇ ಧೈರ್ಯ ಸಲ್ಲದು.

ಚಿತ್ರನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಇದೇ ರೋಗ ಬಂದಿತ್ತು. ಆಮೇಲೆ ಅವರು ಎಷ್ಟು ದಶಕ ಕೆಲಸ ಮಾಡಿದರೆಂಬುದು ನಿಮಗೆಲ್ಲ ಗೊತ್ತು. ರೋಗದ ಹೆಸರು ಕೇಳಿ ಅಳುತ್ತಾ ಕುಳಿತವರಿಗೆ ನಾವು ಇದನ್ನು ಹೇಳುವುದುಂಟು.

ಆಯಾಸ ಬೇರೆ, ಬಲಹೀನತೆ ಬೇರೆ

ಈ ಹಾಳೆಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ನಡೆದಾಗ ಬೆವರು ಬರುವುದು, ಉಸಿರು ಸ್ವಲ್ಪ ಜೋರಾಗುವುದು, ಎದೆಬಡಿತ ಹೆಚ್ಚುವುದು, ಮರುದಿನ ಮೀನಖಂಡ ಸ್ವಲ್ಪ ನೋಯುವುದು ಆಯಾಸದ ಲಕ್ಷಣಗಳು. ಎಲ್ಲರಿಗೂ ಆಗುತ್ತವೆ, ಕುಳಿತರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತವೆ. ಇದಕ್ಕೆ ಹೆದರಬೇಕಿಲ್ಲ.

ರೆಪ್ಪೆ ಇಳಿಯತೊಡಗುವುದು, ಒಂದು ಕಂಬ ಎರಡಾಗಿ ಕಾಣುವುದು, ತಲೆ ಮುಂದಕ್ಕೆ ವಾಲಿ ಗದ್ದಕ್ಕೆ ಕೈಯೂರಬೇಕೆನಿಸುವುದು, ಮಾತು ತೊದಲುವುದು ಇಲ್ಲವೆ ಮೂಗಿನಿಂದ ಬರುವುದು, ಕಾಲು ಮಡಚಿ ಬರುವುದು, ಮೊದಲು ಸರಾಗವಾಗಿ ಏಳುತ್ತಿದ್ದ ಕೈ ಅರ್ಧಕ್ಕೇ ನಿಲ್ಲುವುದು ಬಲಹೀನತೆಯ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ನಿಲ್ಲಿಸಬೇಕು. "ಇನ್ನೆರಡು ಸುತ್ತು ಮುಗಿಸಿಬಿಡೋಣ" ಎನ್ನಬಾರದು. ಗರಡಿಮನೆಯಲ್ಲಿ, ಜಿಮ್‌ನಲ್ಲಿ, ಇನ್ನು ಆಗುವುದಿಲ್ಲ ಎಂದ ಮೇಲೆ ಮಾಡುವ ಆ ಕೊನೆಯ ನಾಲ್ಕು ಬಸ್ಕಿಯಿಂದಲೇ ಶಕ್ತಿ ಬರುತ್ತದೆ ಎಂದು ಹೇಳಿಕೊಡುತ್ತಾರೆ. ನಿಮಗೆ ಆ ಕೊನೆಯ ನಾಲ್ಕೇ ಕೇಡು. ಕೂಗು ಕೇಳಿಸದ ಸ್ನಾಯುವನ್ನು ಎಷ್ಟು ಗದರಿಸಿದರೂ ಅದು ಕೇಳಿಸಿಕೊಳ್ಳುವುದಿಲ್ಲ.

ಆದ್ದರಿಂದ ಲಕ್ಷಣ ಕಾಣುವ ಮೊದಲೇ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ. ಹತ್ತು ನಿಮಿಷ ನಡೆದಾಗ ರೆಪ್ಪೆ ಇಳಿಯುತ್ತದೆ ಎಂದು ಗೊತ್ತಿದ್ದರೆ ಐದೇ ನಿಮಿಷಕ್ಕೆ ಕೂತುಬಿಡಿ. ಎರಡು ನಿಮಿಷ ಕೂತು, ಮತ್ತೆ ಐದು ನಿಮಿಷ ನಡೆಯಿರಿ. ಹೀಗೆ ಬಿಟ್ಟು ಬಿಟ್ಟು ನಡೆದರೆ ಒಟ್ಟು ನಡಿಗೆ ಹೆಚ್ಚೇ ಆಗುತ್ತದೆ, ಸೋಲು ಬರುವುದಿಲ್ಲ. ಸಂತೆಗೆ ತಂದ ಹಣವನ್ನೆಲ್ಲ ಖರ್ಚು ಮಾಡಿ ಬಸ್ಸಿನ ಚಾರ್ಜಿಗೆ ಕೈ ಚಾಚುವವರಂತೆ ಆಗಬಾರದು. ಮನೆಗೆ ಹಿಂದಿರುಗುವ ಶಕ್ತಿ ಕೈಯಲ್ಲಿ ಉಳಿದಿರಬೇಕು.

ಮಾಡಿದ್ದು ಹೆಚ್ಚಾಯಿತೋ ಸರಿಯಾಯಿತೋ ಎಂದು ತಿಳಿಯಲು ಆಮೇಲಿನ ಹೊತ್ತನ್ನೂ ಗಮನಿಸಬೇಕು. ಅರ್ಧ ತಾಸು ಕುಳಿತ ಮೇಲೆ ಮೊದಲಿನಂತಾದರೆ ಸರಿ. ಎರಡು ತಾಸು ಕಳೆದರೂ ಸೋಲು ಹಾಗೇ ಇದ್ದರೆ, ಇಲ್ಲವೆ ಮರುದಿನ ಬೆಳಿಗ್ಗೆ ಎಂದಿಗಿಂತ ಸೋತು ಎದ್ದರೆ, ಅದು ಹೆಚ್ಚಾಯಿತು. ಆ ದಿನ ಬಿಟ್ಟುಬಿಡಿ, ಮುಂದಿನ ಸಲ ಅರ್ಧಕ್ಕೆ ಇಳಿಸಿ.

ಸದ್ಯಕ್ಕೆ ಮಾಡಬಾರದವರು

ನುಂಗಲು, ಅಗಿಯಲು ಅಥವಾ ಉಸಿರಾಡಲು ತೊಂದರೆ ಇರುವವರು ವ್ಯಾಯಾಮದ ಮಾತು ಬಿಟ್ಟು ಮೊದಲು ವೈದ್ಯರ ಬಳಿ ಬರಬೇಕು. ಜ್ವರ, ನೆಗಡಿ, ಕೆಮ್ಮು, ಭೇದಿ ಇದ್ದಾಗ ಪೂರ್ತಿ ವಿಶ್ರಾಂತಿ. ಈ ರೋಗ ಒಮ್ಮೆಲೇ ಉಲ್ಬಣವಾಗುವುದಕ್ಕೆ ಸೋಂಕು ಬಹು ಸಾಮಾನ್ಯವಾದ ಕಾರಣ. ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್ ಹೊಸದಾಗಿ ಆರಂಭಿಸಿದಾಗ ಮೊದಲ ಒಂದೆರಡು ವಾರಗಳಲ್ಲಿ ಕೆಲವರಿಗೆ ಬಲಹೀನತೆ ಸುಧಾರಿಸುವ ಬದಲು ಹೆಚ್ಚುವುದುಂಟು. ಔಷಧ ಕೆಲಸ ಮಾಡುತ್ತಿಲ್ಲವೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಆ ದಿನಗಳಲ್ಲಿ ಹೊಸ ವ್ಯಾಯಾಮವನ್ನೂ ಶುರುಮಾಡಬಾರದು. ಥೈಮಸ್ ಗ್ರಂಥಿಯ ಶಸ್ತ್ರಚಿಕಿತ್ಸೆ ಆದವರು ಎದೆಮೂಳೆ ಕೂಡುವವರೆಗೆ ಕೊಡ, ಚೀಲ, ಮಗು ಯಾವುದನ್ನೂ ಎತ್ತಬಾರದು. ಎಷ್ಟು ದಿನ ಎಂಬುದನ್ನು ಶಸ್ತ್ರವೈದ್ಯರೇ ಹೇಳುತ್ತಾರೆ.

ಯಾವ ಹೊತ್ತಿನಲ್ಲಿ?

ಪಿರಿಡೋಸ್ಟಿಗ್ಮಿನ್ ನುಂಗಿದ ಅರ್ಧದಿಂದ ಮುಕ್ಕಾಲು ತಾಸಿನಲ್ಲಿ ಗುಣ ಕಾಣತೊಡಗಿ, ಒಂದೆರಡು ತಾಸಿನಲ್ಲಿ ಚೆನ್ನಾಗಿರುತ್ತದೆ, ಮೂರು ನಾಲ್ಕು ತಾಸಿಗೆ ಇಳಿಯುತ್ತದೆ. ಆದ್ದರಿಂದ ಬೆಳಗಿನ ಗುಳಿಗೆ ತೆಗೆದುಕೊಂಡು ಸುಮಾರು ಒಂದು ತಾಸಿನ ನಂತರದ ಹೊತ್ತು ವ್ಯಾಯಾಮಕ್ಕೆ ಒಳ್ಳೆಯದು. ಬರಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆ ಹಿಂಡುತ್ತದೆ, ಆದ್ದರಿಂದ ಎರಡು ಬಿಸ್ಕತ್ತೋ ಅರ್ಧ ರೊಟ್ಟಿಯೋ ಜೊತೆಗಿರಲಿ.

"ಇಂದು ಮದುವೆ ಮನೆಯಲ್ಲಿ ಓಡಾಟ ಜಾಸ್ತಿ" ಎಂದು ಒಂದು ಗುಳಿಗೆ ಹೆಚ್ಚಿಗೆ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಗುಳಿಗೆ ಅತಿಯಾದರೆ ಬಾಯಲ್ಲಿ ಜೊಲ್ಲು ತುಂಬುವುದು, ಬೆವರು, ಭೇದಿ, ಮೈಯಲ್ಲಿ ಸ್ನಾಯುಗಳು ಪಟಪಟನೆ ಅದುರುವುದು ಉಂಟಾಗಿ, ಕೊನೆಗೆ ಬಲಹೀನತೆಯೇ ಹೆಚ್ಚುತ್ತದೆ. ರೋಗದಿಂದ ಬಂದ ಸೋಲೋ ಗುಳಿಗೆಯಿಂದ ಬಂದ ಸೋಲೋ ಎಂಬುದನ್ನು ಮನೆಯಲ್ಲಿ ತೀರ್ಮಾನಿಸಲಾಗುವುದಿಲ್ಲ.

ಸೆಖೆ ಈ ರೋಗಕ್ಕೆ ಶತ್ರು. ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಚೀಲ ಇಟ್ಟು, ಅದು ಮೇಲೇಳುತ್ತದೆಯೇ ಎಂದು ವೈದ್ಯರು ಪರೀಕ್ಷಿಸುವುದನ್ನು ನೀವು ನೋಡಿರಬಹುದು. ತಂಪಿನಲ್ಲಿ ನರದ ಕೂಗು ಚೆನ್ನಾಗಿ ಕೇಳಿಸುತ್ತದೆ, ಬಿಸಿಯಲ್ಲಿ ಕೇಳಿಸುವುದಿಲ್ಲ. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿಯವರು ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಬೇಕು, ಇಲ್ಲವೆ ಮನೆಯೊಳಗೆ ಫ್ಯಾನ್ ಕೆಳಗೆ ಮಾಡಬೇಕು. ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡರೆ ಅನುಕೂಲ. ಮೈ ಸೋತಿದೆಯೆಂದು ಎಣ್ಣೆ ತಿಕ್ಕಿ ಸುಡುವ ನೀರು ಹೊಯ್ಯುವ ಪದ್ಧತಿ ನಮ್ಮಲ್ಲಿ ಇದೆ. ಆರೋಗ್ಯವಂತರಿಗೆ ಹಿತವಾಗುವ ಆ ಸ್ನಾನ ಈ ರೋಗಿಗಳಿಗೆ ಬಚ್ಚಲಲ್ಲೇ ಕಾಲು ಮಡಚಿಸುತ್ತದೆ. ಎಣ್ಣೆ ಹಚ್ಚಿಕೊಳ್ಳಿ, ಬೇಡವೆನ್ನುವುದಿಲ್ಲ. ನೀರು ಮಾತ್ರ ಉಗುರುಬೆಚ್ಚಗಿರಲಿ, ಬಚ್ಚಲಲ್ಲಿ ಒಂದು ಸ್ಟೂಲು ಇರಲಿ, ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ.

ಹೇಗೆ ಆರಂಭಿಸಬೇಕು?

ವೈದ್ಯರು "ಮಾಡಬಹುದು" ಎಂದ ಮೇಲೆ ಮೊದಲ ವಾರ ಅಂಗಳದಲ್ಲಿ ಅಥವಾ ಸಮತಟ್ಟಾದ ರಸ್ತೆಯಲ್ಲಿ ಐದು ನಿಮಿಷದ ನಡಿಗೆ, ದಿನಕ್ಕೆ ಒಂದೆರಡು ಸಲ. ಐದು ನಿಮಿಷವೂ ಹೆಚ್ಚೆನಿಸಿದರೆ ಮೂರೇ ಸಾಕು. ಜೊತೆಗಿರುವವರೊಂದಿಗೆ ಮಾತಾಡುತ್ತ ನಡೆಯುವಷ್ಟು ವೇಗ ಇರಲಿ. ಸಲೀಸಾಗಿ ಆದರೆ ವಾರಕ್ಕೆ ಒಂದೆರಡು ನಿಮಿಷ ಮಾತ್ರ ಏರಿಸಿ. ಎರಡು ಮೂರು ತಿಂಗಳಲ್ಲಿ, ನಡುವೆ ಕೂತು ಎದ್ದು ಸೇರಿ, ಇಪ್ಪತ್ತು ಮೂವತ್ತು ನಿಮಿಷಕ್ಕೆ ಬಂದರೆ ಬಹಳ ಒಳ್ಳೆಯದು. ಬಾರದಿದ್ದರೂ ನಷ್ಟವಿಲ್ಲ. ಕಲ್ಲುಬೆಂಚು, ಕಟ್ಟೆ ಇರುವ ದಾರಿ ಆರಿಸಿಕೊಳ್ಳಿ. ಎರಡಾಗಿ ಕಾಣುವ ದಿನ ರಸ್ತೆಗೆ ಹೋಗಬೇಡಿ, ಸೈಕಲ್, ಬೈಕು ಮುಟ್ಟಲೇಬೇಡಿ.

ಸ್ನಾಯುಗಳಿಗಾಗಿ ಮಾಡುವ ವ್ಯಾಯಾಮ ದಿನ ಬಿಟ್ಟು ದಿನ ಇರಲಿ. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯ ಮೇಲೆ ಕುಳಿತು, ಎದ್ದು ನಿಂತು, ಮೆಲ್ಲಗೆ ಕುಳಿತುಕೊಳ್ಳಿ. ಐದು ಸಲ ಸಾಕು. ಎರಡು ನಿಮಿಷ ಸುಧಾರಿಸಿಕೊಂಡು, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಐದು ಸಲ. ಮತ್ತೆ ವಿಶ್ರಾಂತಿ. ಆಮೇಲೆ ಕುಳಿತೇ ಒಂದೊಂದು ಕಾಲನ್ನು ನೇರ ಚಾಚಿ, ಮೂರು ಎಣಿಸಿ, ಇಳಿಸುವುದು. ಕೈಗಳನ್ನು ಒಮ್ಮೆಗೆ ಒಂದರಂತೆ ಭುಜದ ಮಟ್ಟದವರೆಗೆ ಎತ್ತಿದರೆ ಸಾಕು, ತಲೆಯ ಮೇಲೆ ಹಿಡಿದು ನಿಲ್ಲಿಸುವುದು ಬೇಡ. ಭುಜ ಮತ್ತು ಕುತ್ತಿಗೆ ಈ ರೋಗದಲ್ಲಿ ಬೇಗ ಸೋಲುವ ಜಾಗಗಳು. ನೀರಿನ ಬಾಟಲಿ ಹಿಡಿದು ಕೈ ಎತ್ತುವುದು, ಕಾಲಿಗೆ ತೂಕ ಕಟ್ಟುವುದು ಇವನ್ನೆಲ್ಲ ಫಿಸಿಯೋಥೆರಪಿಸ್ಟ್ ನೋಡಿ ಹೇಳಿದ ಮೇಲೆಯೇ.

ವ್ಯಾಯಾಮದ ನಂತರ ಕೈಕಾಲು ನೋವೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಗುಳಿಗೆ ತರಬೇಡಿ. ನೋವಿನ ಗುಳಿಗೆಗಳಲ್ಲಿ ಕೆಲವಕ್ಕೆ ಸ್ನಾಯು ಸಡಿಲಿಸುವ ಔಷಧ ಬೆರೆತಿರುತ್ತದೆ. ಇನ್ನು ಕೆಲವು ಪ್ರೆಡ್ನಿಸೊಲೋನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ.

ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ

"ನಾನೇನು ವ್ಯಾಯಾಮ ಮಾಡೂದಿಲ್ರಿ ಸಿಸ್ಟರ್, ಬರೇ ಮನಿ ಕೆಲಸ" ಎನ್ನುವ ತಾಯಂದಿರು ನೀರು ತುಂಬಿ, ಬಟ್ಟೆ ಹಿಂಡಿ, ತಂತಿಯ ಮೇಲೆ ಒಣಹಾಕಿ, ರೊಟ್ಟಿ ಬಡಿದು ಮುಗಿಸಿರುತ್ತಾರೆ. ಇದಕ್ಕಿಂತ ದೊಡ್ಡ ವ್ಯಾಯಾಮ ಯಾವುದಿದೆ? ಒಲೆಯ ಝಳದ ಮುಂದೆ ಕೂತು ರೊಟ್ಟಿ ಬಡಿಯುವುದೆಂದರೆ ಕೈ, ಭುಜ, ಸೆಖೆ ಮೂರೂ ಕೂಡಿದ ಕೆಲಸ. ಅಂತಹ ದಿನ ಬೇರೆ ವ್ಯಾಯಾಮ ಬೇಕಾಗಿಲ್ಲ. ಕೆಲಸವನ್ನೇ ಹಂಚಿಕೊಳ್ಳಬೇಕು. ರೊಟ್ಟಿಯನ್ನು ಬೆಳಿಗ್ಗೆಯೇ, ಗುಳಿಗೆಯ ಶಕ್ತಿ ಇರುವಾಗ, ನಾಲ್ಕು ಬಡಿದು ಸ್ವಲ್ಪ ಕೂತು ಮತ್ತೆ ನಾಲ್ಕು ಬಡಿಯಬಹುದು. ಒಣ ರೊಟ್ಟಿ ವಾರಗಟ್ಟಲೆ ಇರುವುದರಿಂದ ಒಳ್ಳೆಯ ದಿನಗಳಲ್ಲಿ ಸ್ವಲ್ಪ ಹೆಚ್ಚು ಮಾಡಿಟ್ಟುಕೊಳ್ಳಬಹುದು. ಬಟ್ಟೆ ಒಣಹಾಕುವ ತಂತಿಯನ್ನು ಎದೆಯ ಮಟ್ಟಕ್ಕೆ ಇಳಿಸಿ ಕಟ್ಟಿ. ತುಂಬಿದ ಕೊಡದ ಬದಲು ಸಣ್ಣ ಬಿಂದಿಗೆ. ಹಿಂಡುವ ಕೆಲಸ ಗಂಡಸರು ಮಾಡಿದರೆ ಅವರ ಮರ್ಯಾದೆಗೇನೂ ಕುಂದು ಬರುವುದಿಲ್ಲ. ತಲೆ ಬಾಚಿಕೊಳ್ಳುವಾಗ ಮೊಣಕೈಯನ್ನು ಟೇಬಲ್ ಮೇಲೆ ಊರಿಕೊಳ್ಳಿ.

ಹೊಲದ ಕೆಲಸ ಮಾಡುವವರಿಗೆ ಇಷ್ಟೇ ಹೇಳುತ್ತೇವೆ: ಕಳೆ ತೆಗೆಯುವುದು ಬೆಳಿಗ್ಗೆ, ಗಿಡದ ನೆರಳು ಹತ್ತಿರವಿರುವ ಕಡೆ, ಒಬ್ಬರೇ ಅಲ್ಲ.

ಯೋಗ, ಈಜು, ಪಾದಯಾತ್ರೆ

ಯೋಗ ಶಿಬಿರಕ್ಕೆ ಹೋಗಬಹುದೇ ಎಂದು ಬಹಳ ಜನ ಕೇಳುತ್ತಾರೆ. ನಿಧಾನವಾಗಿ ಉಸಿರು ಎಳೆದು ಬಿಡುವುದು, ಕುಳಿತು ಮಾಡುವ ಸರಳ ಆಸನಗಳು, ಶವಾಸನ ಇವಕ್ಕೆ ಅಡ್ಡಿಯಿಲ್ಲ. ಕಪಾಲಭಾತಿ, ಭಸ್ತ್ರಿಕದಂತೆ ರಭಸದಿಂದ ಉಸಿರಾಡುವುದು, ಉಸಿರನ್ನು ಬಹಳ ಹೊತ್ತು ಹಿಡಿದಿಡುವುದು ಬೇಡ. ಉಸಿರಾಟವೂ ಸ್ನಾಯುಗಳ ಕೆಲಸವೇ, ಅವೂ ಸೋಲುತ್ತವೆ. ಶೀರ್ಷಾಸನ, ಸರ್ವಾಂಗಾಸನ ಬೇಡ. ಕುತ್ತಿಗೆ ಸೋತರೆ, ಮೂಳೆ ತೆಳುವಾಗಿದ್ದರೆ ಅಪಾಯ. ಸೂರ್ಯನಮಸ್ಕಾರವನ್ನು ಎಲ್ಲರೊಂದಿಗೆ ಹನ್ನೆರಡು ಸುತ್ತು ಮುಗಿಸಲೇಬೇಕೆಂಬ ಛಲ ಬೇಡ. ಶಿಬಿರದ ಗುರುಗಳಿಗೆ ಮೊದಲ ದಿನವೇ ರೋಗದ ವಿಷಯ ತಿಳಿಸಿ, ನಡುವೆ ಎದ್ದು ಕೂರಲು ಅಪ್ಪಣೆ ಪಡೆದುಕೊಳ್ಳಿ.

ಬಾವಿ, ಕೆರೆ, ಹೊಳೆಯಲ್ಲಿ ಈಜು ಬೇಡವೇ ಬೇಡ. ನಡುನೀರಿನಲ್ಲಿ ಕೈ ಸೋತರೆ ವಿಶ್ರಾಂತಿಗೆ ಜಾಗವಿಲ್ಲ.

ಇನ್ನು ಯುಗಾದಿಗೆ ಮುಂಚೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಸಾವಿರಾರು ಜನ. "ವರ್ಷಾ ಹೋಗ್ತಿದ್ದೆ, ಈ ವರ್ಷ ಬಿಡಬೇಕಾ?" ಎಂದು ಕೇಳುವಾಗ ಕೆಲವರ ಕಣ್ಣಲ್ಲಿ ನೀರು ಬರುತ್ತದೆ. ನಾವು ಸುತ್ತುಬಳಸದೆ ಹೇಳುತ್ತೇವೆ, ನಡೆದು ಹೋಗಬೇಡಿ. ಬೇಸಿಗೆಯ ಬಿಸಿಲು, ದಿನಗಟ್ಟಲೆ ನಡಿಗೆ, ನಿದ್ದೆಗೇಡು, ಹೊತ್ತಿಗೆ ಸರಿಯಾಗಿ ಗುಳಿಗೆ ಇಲ್ಲದಿರುವುದು, ಆಸ್ಪತ್ರೆ ದೂರದ ಕಾಡುದಾರಿ, ಈ ರೋಗಕ್ಕೆ ಆಗದ್ದೆಲ್ಲ ಅಲ್ಲಿ ಒಟ್ಟಿಗಿದೆ. ಬಸ್ಸಿನಲ್ಲಿ ಹೋಗಿ, ಬೆಳಗಿನ ತಂಪಿನಲ್ಲಿ ಮನೆಯವರ ಜೊತೆ ಗುಡಿಯವರೆಗೆ ನಾಲ್ಕು ಹೆಜ್ಜೆ ನಡೆಯಿರಿ. ಶಿವರಾತ್ರಿಯ ಉಪವಾಸ, ಜಾಗರಣೆಯ ವಿಷಯದಲ್ಲೂ ಅಷ್ಟೇ. ಗುಳಿಗೆ ತಪ್ಪಿಸುವ ಉಪವಾಸ ಬೇಡ, ಹಣ್ಣು ಹಾಲಿನೊಂದಿಗೆ ಗುಳಿಗೆ ತೆಗೆದುಕೊಳ್ಳಿ.

ಬಂಧುಗಳು ನೋಡಬೇಕಾದ್ದು

ರೋಗಿಗೆ ತನ್ನ ರೆಪ್ಪೆ ಇಳಿದದ್ದು ತನಗೇ ಕಾಣುವುದಿಲ್ಲ. ಜೊತೆಗೆ ನಡೆಯುವವರು ಮುಖ ನೋಡುತ್ತಿರಬೇಕು. ನಗು ಹಲ್ಲು ಕಿರಿದಂತೆ ಕಂಡರೆ, ದನಿ ಬದಲಾದರೆ, "ಕೂಡೋಣ" ಎಂದು ನೀವೇ ಹೇಳಿ. ಅವರು ಸಂಕೋಚದಿಂದ ಹೇಳದೇ ಇರಬಹುದು.

ಉಸಿರಿನ ಶಕ್ತಿ ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ರೋಗಿ ನೇರ ಕುಳಿತು, ಆಳವಾಗಿ ಉಸಿರು ಎಳೆದುಕೊಂಡು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಸೆಕೆಂಡಿಗೆ ಎರಡರಂತೆ ಗಟ್ಟಿಯಾಗಿ ಎಣಿಸಬೇಕು. ಚೆನ್ನಾಗಿರುವ ದಿನ ಎಷ್ಟರವರೆಗೆ ಬರುತ್ತದೆಂದು ಬರೆದಿಡಿ. ಆ ಸಂಖ್ಯೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ. 20ಕ್ಕೂ ಮುಟ್ಟದಿದ್ದರೆ ಅದೇ ದಿನ, ಅದೇ ಹೊತ್ತು ಆಸ್ಪತ್ರೆಗೆ ಕರೆತನ್ನಿ. ಮಲಗಿದರೆ ಉಸಿರು ಕಟ್ಟುವುದು, ಜೊಲ್ಲು ನುಂಗಲಾಗದಿರುವುದು, ನೀರು ಮೂಗಿನಿಂದ ಬರುವುದು, ಕೆಮ್ಮಲು ಬಲವಿಲ್ಲದಿರುವುದು ಕಂಡರೆ ಎಣಿಸುತ್ತ ಕೂರಬೇಡಿ. ಬಾಯಿಗೆ ನೀರು, ಗುಳಿಗೆ ಏನನ್ನೂ ಹಾಕದೆ, ಮಲಗಿಸದೆ ಒರಗಿಸಿ ಕೂರಿಸಿ, 108ಕ್ಕೆ ಫೋನ್ ಮಾಡಿ. ಉಸಿರಾಟದ ಯಂತ್ರ ಇರುವ ಆಸ್ಪತ್ರೆಗೇ ಒಯ್ಯಬೇಕೆಂದು ಅವರಿಗೆ ಹೇಳಿ.

ಇನ್ನೊಂದು ಮಾತು. ರೋಗಿ ಸೋತು ಕುಳಿತಾಗ ಊರಲ್ಲೇ ಯಾರಿಂದಲೋ "ತಾಕತ್ತಿನ ಸೂಜಿ", ಸಲೈನ್ ಹಾಕಿಸುವ ರೂಢಿ ಇದೆ. ಬಾಟಲಿಗೆ ಏನು ಸೇರಿಸುತ್ತಾರೆಂದು ನಿಮಗೆ ಗೊತ್ತಾಗುವುದಿಲ್ಲ. ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್‌ನಂತಹ ಆ್ಯಂಟಿಬಯಾಟಿಕ್‌ಗಳು, ಮೆಗ್ನೀಷಿಯಂ ಇಂಜೆಕ್ಷನ್, ಕ್ವಿನೈನ್, ಪ್ರೊಪ್ರನೊಲಾಲ್ ಮುಂತಾದವು ಈ ರೋಗವನ್ನು ಹೆಚ್ಚಿಸಬಲ್ಲವು. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ, ಹಲ್ಲಿನ ವೈದ್ಯರಾದರೂ ಸರಿ, ಮೊದಲು "ನನಗೆ ಮಯಸ್ತೇನಿಯಾ ಇದೆ" ಎನ್ನಿ. ಒಂದು ಗಟ್ಟಿ ಕಾಗದದ ಮೇಲೆ ರೋಗದ ಹೆಸರು, ತೆಗೆದುಕೊಳ್ಳುತ್ತಿರುವ ಗುಳಿಗೆ, ಮನೆಯವರ ಫೋನ್ ನಂಬರ್ ಬರೆದು ನಡಿಗೆಗೆ ಹೋಗುವಾಗಲೂ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇಟ್ಟುಕೊಂಡಿರಿ.

ನೋಟ್‌ಬುಕ್

ಎರಡು ರೂಲಿನ ಸಣ್ಣ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆಯಿರಿ. ಗುಳಿಗೆ ಎಷ್ಟು ಗಂಟೆಗೆ, ಎಷ್ಟು ನಿಮಿಷ ನಡೆದಿರಿ, ಎಲ್ಲಿ ನಿಲ್ಲಿಸಿದಿರಿ, ಮರುದಿನ ಬೆಳಿಗ್ಗೆ ಹೇಗಿತ್ತು, ಒಂದೇ ಉಸಿರಿನ ಎಣಿಕೆ ಎಷ್ಟು. ಹೆಣ್ಣುಮಕ್ಕಳು ಮುಟ್ಟಿನ ದಿನಗಳನ್ನೂ ಗುರುತು ಹಾಕಿ, ಕೆಲವರಿಗೆ ಆ ದಿನಗಳಲ್ಲಿ ಬಲಹೀನತೆ ಹೆಚ್ಚುತ್ತದೆ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗು ಬರೆಯಲಿ. "ಹ್ಯಾಂಗಿದೀರಿ?" ಎಂದು ಡಾಕ್ಟರು ಕೇಳಿದಾಗ "ಹಾಂಗ ಐತ್ರಿ" ಎಂದರೆ ಅವರಿಗೆ ಗುಳಿಗೆಯ ಪ್ರಮಾಣ ಏರಿಸಬೇಕೋ ಇಳಿಸಬೇಕೋ ತಿಳಿಯುವುದಿಲ್ಲ, ನೋಟ್‌ಬುಕ್ ನೋಡಿದರೆ ತಿಳಿಯುತ್ತದೆ. ಮುಂದಿನ ತಪಾಸಣೆಗೆ ಬರುವಾಗ ಅದನ್ನೂ, ಖಾಲಿಯಾದ ಗುಳಿಗೆ ಪಟ್ಟಿಗಳನ್ನೂ ತನ್ನಿ. ವೈದ್ಯರನ್ನು ಕಂಡ ಮೇಲೆ ಫಿಸಿಯೋಥೆರಪಿ ಕೋಣೆಗೂ ಬಂದು ಹೋಗಿ. ಕುರ್ಚಿಯಿಂದ ಏಳುವುದನ್ನು ಅಲ್ಲಿ ಒಮ್ಮೆ ಮಾಡಿ ತೋರಿಸಿದರೆ ಮುಂದಿನ ತಿಂಗಳಿಗೆ ಎಷ್ಟು ಏರಿಸಬಹುದೆಂದು ಬರೆದುಕೊಡುತ್ತಾರೆ.